ಗೋಡೆಯ ತೂತು ಮುಚ್ಚಿದ್ದು

ಪ್ರೀತಿಯ ಅಕ್ಕನಿಗೆ,

ಕೆಲಸ ಸಿಕ್ಕಿದೆ. ಸುಣ್ಣದ ಧೂಳಿಗೆ ಕೆಮ್ಮು ಹಿಡಿದಿದೆ, ಅಮ್ಮನಿಗೆ ಹೇಳಬೇಡ. ಜನ ದಂಗೆಯೆದ್ದು ದೊರೆಯನ್ನು ಓಡಿಸಿದ ಮೇಲೆ ಅವನ ದರ್ಬಾರಿನ ಕೋಣೆಯೇ ಈಗ ಜನರ ಸಭೆ. ಅಲ್ಲಿ ಗಾರೆ ಕೆಲಸ ನನ್ನದು. ದಂಗೆಯ ದಿನ ದೊರೆಯ ಕಾವಲಿನವರು ಹಾರಿಸಿದ ಗುಂಡಿನ ತೂತುಗಳು ಗೋಡೆಯ ತುಂಬಾ ಇವೆ.

ನಿನ್ನೆ ಹೊಸ ಸಭೆಯಲ್ಲಿ ಮೊದಲು ಬಂದದ್ದೇ ಆ ತೂತುಗಳ ಮಾತು. ಮುಚ್ಚಬೇಕೋ, ಬಿಡಬೇಕೋ? ಆರಿಸಿ ಬಂದವರಲ್ಲಿ ಬಟ್ಟೆ ಹೊಲಿಯುವ ಒಬ್ಬ ಹೆಂಗಸೂ ಇದ್ದಾರೆ. ಅವರ ಮಗ ಸತ್ತದ್ದು ಆ ಗೋಡೆಯ ಬುಡದಲ್ಲೇ. "ಮುಚ್ಬೇಡಿ, ನಾಳೆ ಯಾರೂ ನಂಬಲ್ಲ" ಎಂದು ಕೈಮುಗಿದು ಕೇಳಿಕೊಂಡರು. ಕೈ ಎತ್ತಿಸಿ ಎಣಿಸಿದರು. ಮುಚ್ಚಿ ಎಂದವರೇ ಹೆಚ್ಚು. ಇನ್ನು ಹೊಡೆದಾಟವೇ ಎಂದುಕೊಂಡೆ. ಆದರೆ ಆ ತಾಯಿ ಕಣ್ಣೊರೆಸಿಕೊಂಡು ಕೂತುಬಿಟ್ಟರು.

ಆಮೇಲೆ ನನ್ನ ಬಳಿ ಬಂದು ಒಂದು ತೂತಿನೊಳಗೆ ಬೆರಳಿಟ್ಟರು. "ಇದನ್ನೂ ಮುಚ್ಚಪ್ಪ" ಎಂದರು.

"ಇದೊಂದು ಬಿಡ್ತೀನಮ್ಮ, ಯಾರಿಗೂ ಗೊತ್ತಾಗಲ್ಲ" ಎಂದೆ.

"ಬೇಡ. ಒಬ್ಬನ ಮಾತೇ ನಡೀಬಾರ್ದು ಅಂತ ತಾನೆ ನನ್ನ ಮಗ ಸತ್ತಿದ್ದು? ಈಗ ನನ್ನೊಬ್ಬಳ ಮಾತು ನಡೆಸ್ಬೇಡ."

ಮುಚ್ಚಿದೆ ಅಕ್ಕ. ಕರಣೆ ಜಾರಿತು, ಮತ್ತೆ ಹಿಡಿದು ಸವರಿದೆ. ಗೋಡೆ ನುಣ್ಣಗಾಯಿತು. ಅವರು ಹಸಿ ಗಾರೆಯ ಎದುರು, ಕಾವಲುಗಾರ ಬಂದು ಬಾಗಿಲು ಹಾಕಬೇಕು ಎನ್ನುವವರೆಗೂ ನಿಂತೇ ಇದ್ದರು.

ಕಾರ್ಡಿನಲ್ಲಿ ಜಾಗವಿಲ್ಲ.

ನಿನ್ನ ತಮ್ಮ