ಎದುರುಗಾಳಿಯ ತುದಿ

ಹಿನ್ನೀರು ಮೈದಾನ, ತುಂಗಭದ್ರೆಯ ಎಡದಂಡೆ
೨೧೮೭ನೇ ಇಸವಿ, ಏಪ್ರಿಲ್ ೩೧

ಮೂರನೇ ಡಿವಿಜನ್ ಲೀಗಿನ ಸ್ಕೋರರ್ ಪಂಪನಗೌಡರಿಗೆ ಬಸಲಿಂಗಮ್ಮ ಕುಣಿಕೇರಿ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಈಕೆಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ನಿಮ್ಮ ಕಾಲದಲ್ಲಿ ಏಪ್ರಿಲ್ ಮೂವತ್ತಕ್ಕೇ ಮುಗಿಯುತ್ತಿತ್ತೆಂದು ನನಗೂ ಗೊತ್ತು. ನಮ್ಮ ಅಜ್ಜಂದಿರು ಕ್ಯಾಲೆಂಡರ್ ತಿದ್ದುವಾಗ ಬೇಸಿಗೆಗೆ ಒಂದು ದಿನ ಹೆಚ್ಚು ಕೊಟ್ಟರು. ಕೊಡದಿದ್ದರೂ ಅದು ತಾನೇ ತೆಗೆದುಕೊಳ್ಳುತ್ತಿತ್ತು. ನಿಮ್ಮನ್ನು ಹೇಗೆ ಕರೆಯಬೇಕೆಂಬುದೂ ತಿಳಿಯದು. ಇಸವಿಯ ಲೆಕ್ಕ ಹಿಡಿದರೆ ನೀವು ನನ್ನ ಮುತ್ತಜ್ಜನಿಗಿಂತ ಹಿಂದಿನವರು. ಆದರೆ ನನ್ನ ಮುಂದಿರುವ ಪುಸ್ತಕ ಬರೆಯುವಾಗ ನಿಮಗೆ ನಲವತ್ತು ದಾಟಿರಲಿಕ್ಕಿಲ್ಲ, ನನಗೀಗ ಅರವತ್ತೊಂದು. ಅಜ್ಜ ಎನ್ನಲು ನಾಲಿಗೆ ಏಳದು, ತಮ್ಮ ಎನ್ನಲು ಧೈರ್ಯ ಸಾಲದು. ಗೌಡ್ರೇ ಎಂದೇ ಬರೆಯುತ್ತೇನೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವೆನಿಸಬಹುದು. ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ, ಕ್ಷಮಿಸಿ.

ನಾನು ಕಣ್ಣಾಳು. ಕೆಳಗಿನ ಲೀಗುಗಳಲ್ಲಿ ಆಡುವವರನ್ನು ಇಡೀ ಋತು ನೋಡಿ, ಮೇಲಕ್ಕೆ ಹೋಗಬಲ್ಲವರು ಯಾರೆಂದು ಹೇಳುವವರನ್ನು ಈಗ ಹಾಗೆ ಕರೆಯುತ್ತಾರೆ. ಮೂವತ್ತನಾಲ್ಕು ವರ್ಷ ಈ ಕೆಲಸ ಮಾಡಿದ್ದೇನೆ, ಮೊನ್ನೆಗೆ ಮುಗಿಯಿತು. ಕೆಲಸ ಬಿಡುವ ಕಣ್ಣಾಳು ಹಿಂದಿನ ಕಾಲದ ಒಬ್ಬರಿಗೆ ಒಂದೇ ಒಂದು ಪತ್ರ ಬರೆಯಬಹುದು. ಅದಕ್ಕೆ ಹಿಂದೋಲೆ ಎಂದು ಹೆಸರು. ಅದರ ನಕಲನ್ನು ಇಲ್ಲಿ ಯಾರೂ ಇಟ್ಟುಕೊಳ್ಳುವುದಿಲ್ಲ, ಯಾರೂ ಓದುವುದಿಲ್ಲ. ಅದು ಹೇಗೆ ಹೋಗುತ್ತದೆಂದು ನನ್ನನ್ನು ಕೇಳಬೇಡಿ. ನಿಮ್ಮ ಅಂಚೆಯೂ ಹೇಗೆ ಹೋಗುತ್ತಿತ್ತೆಂದು ನಿಮಗೆ ಪೂರ್ತಿ ಗೊತ್ತಿರಲಿಕ್ಕಿಲ್ಲ. ತಲುಪಿತು ಎನ್ನಲು ಈವರೆಗೆ ಪುರಾವೆ ಸಿಕ್ಕಿಲ್ಲ. ತಲುಪಲಿಲ್ಲ ಎನ್ನಲೂ ಸಿಕ್ಕಿಲ್ಲ.

ನಮ್ಮ ಮೈದಾನದ ಬಗ್ಗೆ ಸ್ವಲ್ಪ ಹೇಳಬೇಕು. ನಿಮ್ಮ ಕಾಲದಲ್ಲಿ ಈ ಜಾಗದಲ್ಲಿ ಆಳೆತ್ತರ ಹಿನ್ನೀರು ನಿಲ್ಲುತ್ತಿತ್ತಂತೆ. ಈಗ ಹೂಳು ಗಟ್ಟಿಯಾಗಿ ಒಳ್ಳೆಯ ಪಿಚ್ ಆಗಿದೆ. ನಸುಕಿನಲ್ಲಿ ಆಟ ಶುರುವಾಗುತ್ತದೆ, ಎಂಟೂವರೆಗೆ ಬಿಸಿಲ ಕೊಂಬು ಊದುತ್ತಾರೆ. ಊದಿದ ಮೇಲೆ ಒಂದು ಚೆಂಡನ್ನೂ ಹಾಕುವಂತಿಲ್ಲ. ಎಲ್ಲರೂ ತಗಡಿನ ಸೂರಿನಡಿ ಸೇರಿ ಜೋಳದ ಅಂಬಲಿ ಕುಡಿದು, ಒದ್ದೆ ಬಟ್ಟೆ ಹೊದ್ದು ಮಲಗಿ, ಸಂಜೆ ಐದಕ್ಕೆ ಉಳಿದ ಓವರುಗಳನ್ನು ಆಡುತ್ತಾರೆ. ಒಂದು ಕಡೆ ಕಾಲುವೆ ತುದಿ, ಇನ್ನೊಂದು ಕಡೆ ಗುಡ್ಡದ ತುದಿ. ಗಾಳಿ ಬೀಸುವುದು ಕಾಲುವೆಯಿಂದ ಗುಡ್ಡದ ಕಡೆಗೆ. ಹೋಳಿ ಕಳೆದ ಮೇಲೆ, ಅಂದರೆ ಋತುವಿನ ಕೊನೆಯ ಪಂದ್ಯಗಳ ಹೊತ್ತಿಗೆ, ಆ ಗಾಳಿ ಎಷ್ಟು ಜೋರೆಂದರೆ ಕಾಲುವೆ ತುದಿಯಿಂದ ಓಡಿಬರುವ ವೇಗಿಯನ್ನು ಬೆನ್ನು ಹಿಡಿದು ದೂಡುತ್ತದೆ, ಗುಡ್ಡದ ತುದಿಯಿಂದ ಬರುವವನ ಎದೆಗೆ ಕೈ ಕೊಟ್ಟು ತಡೆಯುತ್ತದೆ.

ಕಣ್ಣಾಳಿಗೆ ಬೌಂಡರಿಯ ಪಕ್ಕ ಒಂದು ಕಲ್ಲು ಕೊಟ್ಟಿರುತ್ತಾರೆ. ಆಟ ನಡೆಯುವಾಗ ಆ ಕಲ್ಲಿನಿಂದ ಏಳುವಂತಿಲ್ಲ, ಋತು ಮುಗಿಯುವವರೆಗೆ ಆಟಗಾರರ ಜೊತೆ ಮಾತಾಡುವಂತಿಲ್ಲ. ಪ್ರತಿ ಚೆಂಡಿನ ವೇಗ, ತಿರುವು, ಬಿದ್ದ ಜಾಗವನ್ನು ಎಣಿಗ ಎಂಬ ಯಂತ್ರ ಅಳೆಯುತ್ತದೆ. ಓವರ್ ಮುಗಿದ ಕೂಡಲೇ ನಾವೆಲ್ಲ ತಲೆ ತಗ್ಗಿಸಿ ಎಣಿಗ ಹೇಳಿದ್ದನ್ನು ನಮ್ಮ ಕೈಯಲ್ಲೇ ಪುಸ್ತಕಕ್ಕೆ ಇಳಿಸಿಕೊಳ್ಳಬೇಕು. ಆಟ ಶುರುವಾಗುವ ಮೊದಲೂ ಹಾಗೆಯೇ, ಪಿಚ್ಚಿನ ಮತ್ತು ಗಾಳಿಯ ವಿವರ ಬರೆಯುತ್ತೇವೆ. ಹೊಸದಾಗಿ ಬಂದವರು ತಲೆ ಎತ್ತಿ ಆಚೀಚೆ ನೋಡಿದರೆ ನಾನೇ ಗದರಿಸಿದ್ದೇನೆ. ಗೌಡ್ರೇ, ಈ ಪದ್ಧತಿಯಲ್ಲಿ ಒಂದು ತೂತಿದೆ. ಚೆಂಡು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗಲೆಲ್ಲ ನಾವು ನೆಲ ನೋಡುತ್ತಿರುತ್ತೇವೆ. ಇದು ಹೊಳೆಯಲು ನನಗೆ ಮೂವತ್ತನಾಲ್ಕು ವರ್ಷ ಬೇಕಾಯಿತು.

ಈ ವರ್ಷ ನಮ್ಮ ತಂಡದಲ್ಲಿ ಇಬ್ಬರು ವೇಗಿಗಳಿದ್ದರು. ಎಡಗೈಯವನು ಸಣ್ಣೀರಪ್ಪ ದೇವರಮನಿ, ಬಲಗೈಯವನು ಮೈಲಾರಿ ಕರಡಿ. ವಸತಿಯಲ್ಲಿ ಒಂದೇ ಕೋಣೆ, ಒಂದೇ ತಟ್ಟೆಯಲ್ಲಿ ಊಟ. ಇಬ್ಬರಿಗೂ ಇಪ್ಪತ್ತನಾಲ್ಕು ತುಂಬಿತ್ತು. ಇಪ್ಪತ್ತನಾಲ್ಕು ತುಂಬಿದವರು ಆ ಋತುವಿನಲ್ಲಿ ಮೇಲಕ್ಕೆ ಹೋಗದಿದ್ದರೆ ಆಟ ಬಿಡಬೇಕೆಂಬುದು ನಮ್ಮ ಕಾಲದ ಕಟ್ಟಳೆ. ಕಣ್ಣಾಳು ಹೇಳುವುದು ಒಂದೇ ಹೆಸರು. ಸಣ್ಣೀರಪ್ಪ ಮೊದಲ ಹನ್ನೆರಡು ಪಂದ್ಯಗಳಲ್ಲಿ ಕಾಲುವೆ ತುದಿಯಿಂದ ನಲವತ್ತೊಂದು ವಿಕೆಟ್ ತೆಗೆದ. ಅವನ ಚೆಂಡು ಕೊನೆಯ ಗಳಿಗೆಯಲ್ಲಿ ಒಳಕ್ಕೆ ನುಗ್ಗುವುದನ್ನು ನೋಡಿ, ಕಲ್ಲಿನ ಮೇಲೆ ಕೂತಲ್ಲೇ ಎಷ್ಟೋ ಸಲ ಮೈ ಜುಮ್ಮೆಂದಿದೆ. ಅವನ ಹೆಸರನ್ನು ನಾನು ಮನಸ್ಸಿನಲ್ಲೇ ಹೇಳಿ ಮುಗಿಸಿದ್ದೆ.

ಹೋಳಿ ಕಳೆದು ಕೊನೆಯ ಮೂರು ಪಂದ್ಯ ಉಳಿದವು. ಎರಡನ್ನಾದರೂ ಗೆಲ್ಲದಿದ್ದರೆ ತಂಡವೇ ಕೆಳಗಿನ ಲೀಗಿಗೆ ಬೀಳುತ್ತಿತ್ತು. ಅವುಗಳಲ್ಲಿ ಮೊದಲನೆಯದರ ದಿನ ಪಿಚ್ಚಿನ ವಿವರ ಬರೆದು ತಲೆ ಎತ್ತಿದರೆ, ಕಾಲುವೆ ತುದಿಯಲ್ಲಿ ಚೆಂಡು ಹಿಡಿದು ನಿಂತವನು ಮೈಲಾರಿ! ಸಣ್ಣೀರಪ್ಪ ಗುಡ್ಡದ ತುದಿಯಲ್ಲಿದ್ದ. ಕಣ್ಣಾಳುಗಳ ನಡುವೆ ಇದಕ್ಕೊಂದು ಮಾತಿದೆ, ‘ತುದಿ ಕಳೆದುಕೊಂಡ’ ಎನ್ನುತ್ತೇವೆ. ಋತುವಿನ ಕೊನೆಗೆ ದಣಿದ ಬೌಲರನನ್ನು ನಾಯಕ ಒಳ್ಳೆಯ ತುದಿಯಿಂದ ಎತ್ತಿ ಹಾಕಿದ, ಇನ್ನು ಅವನ ಕಥೆ ಮುಗಿಯಿತು ಎಂದರ್ಥ. ಮೂರು ಪಂದ್ಯಗಳಲ್ಲಿ ಸಣ್ಣೀರಪ್ಪನಿಗೆ ಸಿಕ್ಕಿದ್ದು ಎರಡೇ ವಿಕೆಟ್, ಮೈಲಾರಿಗೆ ಹದಿನಾಲ್ಕು. ಎಣಿಗ ಕೈಯಿಂದ ಬಿಟ್ಟ ವೇಗವನ್ನು ಅಳೆಯುತ್ತದೆ, ಎದೆಯ ಮೇಲೆ ಗಾಳಿ ಹೊತ್ತು ಓಡಿಬಂದದ್ದನ್ನು ಅಳೆಯುವುದಿಲ್ಲ. ‘ಕೈ ಬಿದ್ದಿದೆ’, ಅಂದರೆ ಕೈಯ ಕಸುವು ಹೋಗಿದೆ, ಎಂದು ಸಣ್ಣೀರಪ್ಪನ ಪುಟದಲ್ಲಿ ಬರೆದೆ. ತಂಡ ಎರಡು ಪಂದ್ಯ ಗೆದ್ದು ಉಳಿಯಿತು. ನಾನು ಮೈಲಾರಿಯ ಹೆಸರು ಹೇಳಿದೆ.

ಹೆಸರು ಹೇಳಿದ ಮರುದಿನ, ಹಿಂದೋಲೆಯನ್ನು ಯಾರಿಗೆ ಬರೆಯುವುದೆಂದು ಆರಿಸಿಕೊಳ್ಳಲು ಹಳೆಯ ಪುಸ್ತಕಗಳ ಕೋಣೆಗೆ ಬಿಟ್ಟರು. ಅಲ್ಲಿ ನಿಮ್ಮ ಸ್ಕೋರ್ ಪುಸ್ತಕ ಸಿಕ್ಕಿತು. ನೀಲಿ ರಟ್ಟು, ಒಳಗೆ ಅಲ್ಲಲ್ಲಿ ಚಹಾದ ಲೋಟ ಇಟ್ಟ ಗುರುತು. ಓವರ್, ರನ್, ವಿಕೆಟ್ ಎಲ್ಲರೂ ಬರೆಯುವಂಥವೇ. ನಿಮ್ಮ ಪುಸ್ತಕದಲ್ಲಿ ನಾನು ಓದಿದ್ದು ಪಕ್ಕದ ಖಾಲಿ ಜಾಗವನ್ನು. ‘ಕೀಪರ್‌ಗೆ ಜ್ವರ, ಹೇಳಿಲ್ಲ.’ ‘ಇವತ್ತು ಕ್ಯಾಪ್ಟನ್ ಸುಮ್ಮನೆ ಕೂಗಾಡ್ತಾನೆ.’ ಓದುತ್ತಾ ಒಬ್ಬಳೇ ನಕ್ಕೆ. ಆಮೇಲೆ ಹದಿನೇಳನೇ ಪಂದ್ಯಕ್ಕೆ ಬಂದೆ. ನಿಮ್ಮಲ್ಲೂ ಒಬ್ಬ ಎಡಗೈ ವೇಗಿ. ಎಂಟು ಓವರ್, ವಿಕೆಟ್ ಇಲ್ಲ. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದೀರಿ: ‘ಎದುರುಗಾಳಿ. ತುದಿ ತಾನೇ ಬಿಟ್ಟುಕೊಟ್ಟ. ಲೆಕ್ಕಕ್ಕೆ ಬರಲ್ಲ, ಆದ್ರೆ ಇವನೇ ಚಲೋ ಹಾಕಿದ್ದು.’

ತುದಿಯನ್ನು ಕಳೆದುಕೊಳ್ಳುವುದಷ್ಟೇ ನಮಗೆ ಗೊತ್ತು. ಒಬ್ಬ ಅದನ್ನು ತಾನಾಗಿ ಕೊಡಬಹುದು ಎಂಬುದು ನಮ್ಮ ಮಾತಿನಲ್ಲೇ ಇಲ್ಲ.

ಬಿಸಿಲ ಕೊಂಬು ಊದಿದ್ದರೂ ತಲೆಗೆ ಒದ್ದೆ ಬಟ್ಟೆ ಸುತ್ತಿಕೊಂಡು ವಸತಿಗೆ ಹೋದೆ. ಹೆಸರು ಹೇಳಿಯಾಗಿತ್ತು, ಇನ್ನು ಮಾತಾಡಬಹುದಿತ್ತು. ಸಣ್ಣೀರಪ್ಪ ಒಬ್ಬನೇ ಇದ್ದ, ಚೀಲ ತುಂಬುತ್ತಿದ್ದ. ಮೈಲಾರಿ ಆಗಲೇ ಮೇಲಿನ ಲೀಗಿಗೆ ಹೊರಟುಹೋಗಿದ್ದ. ಆ ಕೊನೆಯ ಮೂರು ಪಂದ್ಯಗಳಲ್ಲಿ ನಿನ್ನನ್ನು ಗುಡ್ಡದ ತುದಿಗೆ ಹಾಕಿದ್ದು ಯಾರು ಎಂದು ಕೇಳಿದೆ.

“ಯಾರೂ ಹಾಕಿಲ್ರಿ ಅಮ್ಮಾರ. ನಾನ ಕ್ಯಾಪ್ಟನ್‌ಗ ಹೇಳಿ ಹೋದೆ,” ಎಂದ. “ಮೈಲಾರಿಗೆ ಆ ಗಾಳ್ಯಾಗ ಚೆಂಡು ಹಿಡಿತಕ್ಕ ಬರಾಂಗಿಲ್ರಿ. ನನಗ ಬರ್ತೈತಿ. ಆ ಕಡಿಂದನೂ ಯಾರರ ಹಾಕಬೇಕಲ್ರಿ?”

“ನಾ ನೋಡಾಕತ್ತೀನಿ ಅಂತ ಗೊತ್ತಿರ್ಲಿಲ್ಲೇನೋ ನಿನಗ?” ಎಂದು ಜೋರು ಮಾಡಿದೆ. ತಪ್ಪು ನನ್ನದು, ಸಿಟ್ಟು ಅವನ ಮೇಲೆ.

“ಗೊತ್ತಿತ್ರಿ. ನೀವು ನೋಡಿರ್ತೀರಿ ಅಂತನ ತಿಳ್ಕೊಂಡಿದ್ದೆ.”

ಅವನು ಅದನ್ನು ಚುಚ್ಚಲೆಂದು ಹೇಳಲಿಲ್ಲ. ಒಂದೇ ಬಿಳಿ ಅಂಗಿಯನ್ನು ಮೂರು ಸಲ ಮಡಚಿ, ಮೂರು ಸಲ ಬಿಚ್ಚಿದ. ನಾನು ಈಗಲೇ ಲೀಗಿನ ಮಂಡಳಿಗೆ ಬರೆದುಕೊಡುತ್ತೇನೆ, ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದೆ. ಕೆಲಸ ಬಿಡುವವಳು ತಾನು ಹೇಳಿದ ಹೆಸರನ್ನು ಮೂರು ದಿನದೊಳಗೆ ಬದಲಿಸಬಹುದು, ಕಟ್ಟಳೆಯಲ್ಲಿ ಅಷ್ಟಕ್ಕೆ ಅವಕಾಶವಿದೆ. ಅವನು ಚೀಲ ಕೆಳಗಿಟ್ಟು ನನ್ನ ಕಾಲಿನ ಹತ್ತಿರ ಕೂತ.

“ಬ್ಯಾಡ್ರಿ ಅಮ್ಮಾರ, ನಿಮಗ ಕೈ ಮುಗೀತೀನಿ. ಬರದ್ರ ಅವ ಕೆಳಗ ಬರ್ತಾನ. ಅವಂಗ ಏನೂ ಗೊತ್ತಿಲ್ಲ, ತುದಿ ಕ್ಯಾಪ್ಟನ್ ಕೊಟ್ಟ ಅಂತ ತಿಳ್ಕೊಂಡಾನ. ನನಗ ಕಾಲುವಿ ತೂಬಿನ ಕೆಲಸ ಸಿಕ್ಕೈತ್ರಿ, ಸೋಮವಾರ ಹೋಗಬೇಕು.”

ಅವನ ಮುಂದೆಯೇ ಅತ್ತುಬಿಟ್ಟೆ. ಈ ವಯಸ್ಸಿನಲ್ಲಿ ನಾಚಿಕೆಯೂ ಆಗಲಿಲ್ಲ. ಅವನು ಎದ್ದು ಹೋಗಿ ಮಡಕೆಯಿಂದ ಒಂದು ಲೋಟ ನೀರು ತಂದುಕೊಟ್ಟ.

ಇಂದು ಮೂರನೇ ದಿನ. ಮಂಡಳಿಗೆ ಬರೆಯುವ ಕಾಗದ ಬೆಳಿಗ್ಗೆಯಿಂದ ಮುಂದಿತ್ತು. ಮೈಲಾರಿ ಯಾವ ತಪ್ಪೂ ಮಾಡಿಲ್ಲ. ಬೆನ್ನಿಗೆ ಗಾಳಿ ಇದ್ದರೂ ಹದಿನಾಲ್ಕು ವಿಕೆಟನ್ನು ಅವನ ಕೈಯೇ ತೆಗೆಯಬೇಕಿತ್ತು. ಅವನನ್ನು ಕೆಳಗೆಳೆದು ಸಣ್ಣೀರಪ್ಪನನ್ನು ಕೂರಿಸಿದರೆ, ಸಣ್ಣೀರಪ್ಪ ಕೊಟ್ಟದ್ದನ್ನು ನಾನು ಕಿತ್ತುಕೊಂಡಂತಾಗುತ್ತದೆ. ಬರೆಯದಿದ್ದರೆ ಅವನ ಹೆಸರಿನ ಮುಂದೆ ‘ಕೈ ಬಿದ್ದಿದೆ’ ಎಂಬ ನನ್ನ ಸುಳ್ಳು ಶಾಶ್ವತವಾಗಿ ಉಳಿಯುತ್ತದೆ. ಈಗ ಸಂಜೆಯ ಆರು ಗಂಟೆ. ಮಂಡಳಿಯ ಬಾಗಿಲು ಐದಕ್ಕೇ ಮುಚ್ಚಿತು. ನಾನು ಹೋಗಲಿಲ್ಲ. ಸರಿ ಮಾಡಿದೆನೆಂದು ಹೇಳುವ ಧೈರ್ಯ ನನಗಿಲ್ಲ.

ಆದ್ದರಿಂದಲೇ ನಿಮಗೆ ಬರೆಯುತ್ತಿದ್ದೇನೆ. ನಮ್ಮ ಕಾಲದಲ್ಲಿ ಈ ಸತ್ಯವನ್ನು ಯಾರಿಗೆ ಹೇಳಿದರೂ ಒಬ್ಬನ ಅನ್ನಕ್ಕೆ ಕಲ್ಲು ಬೀಳುತ್ತದೆ. ನಿಮಗೆ ಹೇಳಿದರೆ ಯಾರಿಗೂ ನೋವಿಲ್ಲ.

ನನ್ನದೊಂದು ಕೇಳಿಕೆ ಇದೆ, ಗೌಡ್ರೇ. ನಿಮ್ಮ ಪುಸ್ತಕ ಹತ್ತೊಂಬತ್ತನೇ ಪಂದ್ಯಕ್ಕೆ ನಿಂತುಹೋಗಿದೆ. ಕೊನೆಯ ಮೂರು ಪಂದ್ಯಗಳ ಪುಟಗಳಲ್ಲಿ ಗೆರೆ ಎಳೆದಿದ್ದೀರಿ, ತಂಡಗಳ ಹೆಸರು ಬರೆದಿದ್ದೀರಿ, ಮುಂದೆ ಏನೂ ಇಲ್ಲ. ಬಿಸಿಲಿಗೆ ಬೇಸತ್ತಿರೋ, ಪಕ್ಕದಲ್ಲಿ ಗೀಚಿದ್ದನ್ನು ಯಾರು ಓದುತ್ತಾರೆ ಎನಿಸಿತೋ, ನನಗೆ ತಿಳಿಯದು. ನೂರಕ್ಕೂ ಹೆಚ್ಚು ವರ್ಷ ಆದ ಮೇಲೆ ಒಬ್ಬಳು ಓದಿದ್ದಾಳೆ. ಓದಿದ್ದು ಮೂರು ದಿನ ಮೊದಲಾಗಿದ್ದರೆ ಇಬ್ಬರ ಬದುಕು ಬೇರೆಯಾಗುತ್ತಿತ್ತು. ದಯವಿಟ್ಟು ಆ ಮೂರು ಪಂದ್ಯಕ್ಕೂ ಹೋಗಿ. ಓವರ್ ಮುಗಿದಾಗ ಈವರೆಗೆ ಮಾಡಿದಂತೆಯೇ ತಲೆ ಎತ್ತಿ ನೋಡಿ. ನಿಮ್ಮ ಎಡಗೈಯವನು ಕೊನೆಗೆ ಏನಾದ ಎಂದು ಬರೆದಿಡಿ, ಅವನ ಚಿಂತೆ ನನ್ನನ್ನು ಬಿಡುತ್ತಿಲ್ಲ. ಹಾಗೆಯೇ ಕೊನೆಯ ಪುಟದ ಪಕ್ಕದ ಖಾಲಿ ಜಾಗದಲ್ಲಿ, ನಿಮ್ಮ ಪೆನ್ಸಿಲಿನಲ್ಲಿ, ಇಷ್ಟು ಬರೆಯಿರಿ: ‘ಸಣ್ಣೀರಪ್ಪ ದೇವರಮನಿ. ಎದುರುಗಾಳಿ. ತುದಿ ತಾನೇ ಬಿಟ್ಟುಕೊಟ್ಟ.’ ನಮ್ಮ ಪುಸ್ತಕದಲ್ಲಿ ಅವನಿಗೆ ಜಾಗವಿಲ್ಲ, ನಿಮ್ಮದರಲ್ಲಿದೆ.

ಹಿಂದೋಲೆ ನಸುಕಿನಲ್ಲಿ ಹೊರಡುತ್ತದೆ. ಪುಸ್ತಕಗಳ ಕೋಣೆಯ ಬಾಗಿಲು ಏಳಕ್ಕೆ ತೆರೆಯುತ್ತದೆ. ನಿಮ್ಮ ಕೊನೆಯ ಪುಟ ನೋಡಲು ಬಾಗಿಲ ಮುಂದೆ ನಾನು ನಿಂತಿರುತ್ತೇನೆ.

ಇತಿ ತಮ್ಮ
ಬಸಲಿಂಗಮ್ಮ