ಮಾನ್ವಿ ಮದುವೆಯ ಆ ನಗು

೧೨ ಜನವರಿ ೨೦೨೫, ಭಾನುವಾರ, ರಾಯಚೂರು. ದೇವದುರ್ಗದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ನೀನು ವಾಪಸ್ಸು ಕಳಿಸಿದ ಪುಸ್ತಕ ಬೆಳಿಗ್ಗೆ ತಲುಪಿತು.

ವಿಶಾಖಕ್ಕಾ,

ಕಿವಿ ಕೇಳದ ಹುಡುಗಿಯ ಕಥೆಯದು, ಹಿಮದ ನಾಡೊಂದರಿಂದ ಕನ್ನಡಕ್ಕೆ ಬಂದ ಮಕ್ಕಳ ಕಾದಂಬರಿ. ಏಳನೇ ವಯಸ್ಸಿನಲ್ಲಿ ಜ್ವರಕ್ಕೆ ಕಿವಿ ಕಳೆದುಕೊಂಡ ನಿನಗೆ ಅದನ್ನು ಕಳಿಸಲು ಹಿಂಜರಿದಿದ್ದೆ. ಮೂರು ಸಲ ಓದಿ, ಎಲ್ಲೂ ತಪ್ಪಿಲ್ಲ ಎನಿಸಿದ ಮೇಲೆಯೇ ಕಳಿಸಿದ್ದು.

ಅಂಚಿನಲ್ಲಿ ನೀನು ಪೆನ್ಸಿಲಿನಿಂದ ಬರೆದಿರುವುದು ಎರಡೇ ಕಡೆ. ಆ ಹುಡುಗಿ ಊಟಕ್ಕೆ ಕೂತವರೆಲ್ಲರ ತುಟಿ ಓದಿ ಎಲ್ಲವನ್ನೂ ತಿಳಿಯುವ ಪುಟದಲ್ಲಿ: “ಸುಳ್ಳು. ಗೋಪಮ್ಮತ್ತಿ ಬಾಯಾಗ ಎಲಿ ಅಡಿಕಿ ಇದ್ದಾಗ ಬಂದು ಓದ್ಲಿ ನೋಡೂನು ಈಕಿ.” ಒಬ್ಬನೇ ಜೋರಾಗಿ ನಕ್ಕೆ.

ಇನ್ನೊಂದು ಕಡೆ, ಎಲ್ಲರೂ ನಗುವಾಗ ಹುಡುಗಿ ಏನೆಂದು ಕೇಳುತ್ತಾಳೆ. ಅವಳ ತಮ್ಮ “ಏನಿಲ್ಲ” ಅನ್ನುತ್ತಾನೆ. ಅಲ್ಲಿ ನೀನು ಬರೆದದ್ದು: “ಮಾನ್ವಿ ಮದುವಿ. ಆಮ್ಯಾಲೆ ಹೇಳ್ತೀನಿ ಅಂದಿದ್ದಿ. ಆಮ್ಯಾಲೆ ಅನ್ನೋದು ಇನ್ನೂ ಬಂದಿಲ್ಲೇನಲೇ ಕೃಷ್ಣ?”

ಹತ್ತೊಂಬತ್ತು ವರ್ಷ ಆ ಒಂದು ಮಾತನ್ನು ಕಾಯ್ದಿಟ್ಟುಕೊಂಡೆಯಲ್ಲ! ನಮ್ಮನ್ನು ಕಂಡೇ ಇರದವರು ಎಲ್ಲೋ ಹಿಮದಲ್ಲಿ ಕುಳಿತು ಅದನ್ನೇ ಬರೆದಿದ್ದಾರಲ್ಲ! ಅಂದು ಚಪ್ಪರದಡಿ ಗೋಪಮ್ಮತ್ತೆ ಏನೋ ಹೇಳಿ ಮಂದಿಯನ್ನೆಲ್ಲ ನಗಿಸಿದಳು. ನೀನು ನನ್ನ ತೋಳು ಜಗ್ಗಿದೆ. ನಾನು ನಗುತ್ತಲೇ “ಆಮೇಲೆ” ಎಂದು ಕೈ ಬೀಸಿದೆ. ಸ್ವಲ್ಪ ತಡೆದು, ನಮ್ಮ ಮುಖ ನೋಡಿ, ನೀನೂ ನಕ್ಕೆ. ಆ ತಡವಾದ ನಗು ಅಂದೇ ನನಗೆ ಕಂಡಿತ್ತು. ಅರ್ಥವಾಗಿದ್ದು ಇವತ್ತು.

ಅನುವಾದದಲ್ಲಿ ಒಂದು ಸಾಲು ಬಿಟ್ಟುಹೋದರೆ ಪ್ರಕಾಶಕರಿಗೆ ಕಾಗದ ಬರೆಯುವವನು ನಾನು. ನಮ್ಮ ಮನೆಯ ಮಾತನ್ನೆಲ್ಲ ನಿನಗೆ “ಏನಿಲ್ಲ” ಎಂದು ಅನುವಾದಿಸಿದವನೂ ನಾನೇ.

ಅತ್ತೆ ಹೇಳಿದ್ದು, ಮಾಮ ತಪ್ಪು ಬಸ್ಸು ಹತ್ತಿ ಗುಂಜಹಳ್ಳಿಯಲ್ಲಿ ಇಳಿದು, ಬೇರೆ ಯಾರದೋ ಮದುವೆಯಲ್ಲಿ ಉಂಡು, ಅಕ್ಷತೆ ಹಾಕಿ, ಹುಡುಗಿಯನ್ನು ಹೊಗಳಿ ಬಂದ ಕಥೆ. ಇದು ಬರೀ ಸಾರಾಂಶ. ಅತ್ತೆ ಕಣ್ಣು ತಿರುಗಿಸಿದ್ದು, ಮಾಮನ ನಡಿಗೆ ಮಾಡಿ ತೋರಿಸಿದ್ದು ಇದರಲ್ಲಿಲ್ಲ. ಸಾರಾಂಶ ನಿನಗೆ ಸಾಕು ಅಂತ ಇನ್ನು ಮೇಲೆ ನಾನು ತೀರ್ಮಾನಿಸುವುದಿಲ್ಲ.

ಬರುವ ಭಾನುವಾರ ದೇವದುರ್ಗಕ್ಕೆ ಬಂದು ನಿನ್ನನ್ನು ಮಾನ್ವಿಗೆ, ಅತ್ತೆಯ ಮನೆಗೆ, ಕರೆದುಕೊಂಡು ಹೋಗುತ್ತೇನೆ. ಅತ್ತೆಗೆ ಇನ್ನೂ ತಿಳಿಸಿಲ್ಲ. ಮೊದಲು ಎಲೆ ಅಡಿಕೆ ಉಗುಳಿ ಬಾಯಿ ಮುಕ್ಕಳಿಸಲು ಅವಳಿಗೆ ಒಂದು ಚೆಂಬು ನೀರು ಕೊಡುತ್ತೇನೆ. ಆಮೇಲೆ ಬೆಳಕಿನಲ್ಲಿ, ನಿನ್ನೆದುರು ಕೂರಿಸಿ, ಮೊದಲಿನಿಂದ ಹೇಳಿಸುತ್ತೇನೆ.

ನಿನ್ನ ಪೆನ್ಸಿಲ್ ಸದಾ ಚೂಪಾಗಿರಲಿ ಅಕ್ಕಾ.

ನಿನ್ನ ತಮ್ಮ,
ಕೃಷ್ಣ