ಕೊನೆಯ ತಿರುವಿನಲ್ಲಿ ಕೂಗಿದ್ದು

ಗುರುವಾರ, ಆಗಸ್ಟ್ 14. ಸುವಾ.

ವ್ರತ ಮುರಿದೆ. ನನ್ನ ಗಂಡ ಅಪಿಸಾಯ್ ತೀರಿಕೊಂಡು ಇವತ್ತಿಗೆ ಅರವತ್ತೆಂಟು ರಾತ್ರಿ. ಸೂತಕ ಮುಗಿಯುವ ನೂರನೆಯ ರಾತ್ರಿಯವರೆಗೆ ದನಿ ಎತ್ತುವುದಿಲ್ಲ ಎಂದು ಅವರ ಮನೆಯವರ ಮುಂದೆ ಮಾತು ಕೊಟ್ಟವಳು ನಾನೇ.

ಓಷಿಯಾನಿಯಾ ಕೂಟದಲ್ಲಿ ಮಗಳ ಎಂಟುನೂರು ಮೀಟರ್ ಸೆಮಿಫೈನಲ್. ಮೊದಲ ನಾಲ್ವರಿಗಷ್ಟೇ ಫೈನಲ್. ಬಾಯಿ ಮುಚ್ಚಿಕೊಂಡು ನೋಡಿ ಬರುತ್ತೇನೆ ಎಂದೇ ಹೋಗಿದ್ದೆ.

ಕೊನೆಯ ತಿರುವಿಗೆ ಬಂದಾಗ ಮೆರೆಯೋನಿ ಐದನೆಯವಳು. ಅಲ್ಲೇ ಬೇಲಿಗೆ ಆತುಕೊಂಡು ಅವಳಪ್ಪ ಪ್ರತಿ ಸಲ ಕೂಗುತ್ತಿದ್ದದ್ದು. ಇವತ್ತು ಹುಡುಗಿ ಓಡುತ್ತಲೇ ಆ ಬೇಲಿಯ ಕಡೆ ನೋಡಿದಳು. ಅದರ ಮೇಲಿನ ಸಾಲಿನಲ್ಲಿ ಕೂತಿದ್ದ ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, "ಕೈ ಬೀಸೇ, ಮೆರೆ! ಕೈ ಬೀಸೇ!" ಎಂದು ಕಿರುಚಿದೆ. ಅವಳಿಗೆ ಕೇಳಿಸಿತು, ಖಂಡಿತ ಕೇಳಿಸಿತು. ಒಬ್ಬಳನ್ನಲ್ಲ, ಇಬ್ಬರನ್ನು ಹಿಂದೆ ಹಾಕಿ ಮೂರನೆಯವಳಾಗಿ ಬಂದಳು!

ಪಕ್ಕದಲ್ಲಿ ಅಪಿಸಾಯ್ ಅವರ ತಂಗಿ ಉನೈಸಿ ಇರುವುದು ಆಮೇಲೆ ನೆನಪಾಯಿತು. ತಲೆ ತಗ್ಗಿಸಿದೆ.

"ಏನತ್ತಿಗೆ, ನಮ್ಮಣ್ಣನ್ನ ಎಬ್ಬಿಸ್ತೀಯಾ ಹೇಗೆ?" ಎಂದಳು. ಕಣ್ಣಲ್ಲಿ ನೀರು, ಬಾಯಲ್ಲಿ ನಗು. "ತಪ್ಪಿಗೆ ನಮ್ಮನೆಗೊಂದು ಹಂದಿ ಕೊಡ್ಬೇಕು. ಬಡಕಲು ಹಂದಿ ತರ್ಬೇಡ ಮತ್ತೆ."

"ಕೊಡ್ತೀನಿ ಕಣೇ."

"ಶನಿವಾರ ಫೈನಲ್ ಬೇರೆ ಇದೆ. ಹಾಗಾದ್ರೆ ಎರಡು."

ಗಂಟಲು ಕೆರೆಯುತ್ತಿದೆ. ನಿದ್ದೆ ಬರುವ ಹಾಗಿಲ್ಲ. ಅಪಿಸಾಯ್, ಬೇಸರ ಮಾಡಿಕೊಳ್ಳಬೇಡಿ. ಶನಿವಾರ ನಾನು ಮೇಲೆ ಕೂರುವುದಿಲ್ಲ. ನೀವು ನಿಲ್ಲುತ್ತಿದ್ದ ಜಾಗದಲ್ಲೇ ನಿಂತು, ನಿಮಗಿಂತ ಜೋರಾಗಿ ಕೂಗುತ್ತೇನೆ.